ಪ್ರವಾಸದ ಪುಟಗಳಿಗೆ ಗಾಢ ಬಣ್ಣ



ಡಿಸೆಂಬರ್-ಜನವರಿ ರಜೆಗೆ ಊರಿಗೆ ಹೋದವರೆಲ್ಲ ವಾಪಸ್ ಬಂದಾಗಿದೆ. ಸೂಟ್‌ಕೇಸಿನಿಂದ ಸಾರಿನ ಪುಡಿ, ಚಟ್ನಿಪುಡಿ (ಏರ್‌ಪೋರ್ಟಿನಲ್ಲಿ ಡಿಕ್ಲೇರ್ ಮಾಡಿಯೇ ತಂದಿದ್ದೀರೆಂದು ನಂಬಿದ್ದೇನೆ!), ಅಮ್ಮ ಕೊಟ್ಟ ಸೀರೆ, ಮಕ್ಕಳಿಗೆ ಚನ್ನಪಟ್ಟಣದ ಬುಗುರಿ, ಎಲ್ಲವೂ ಹೊರಗೆ ಬಂದಿವೆ. ಬಾರದೆ ಉಳಿದಿರುವುದು ಫೋನಿನೊಳಗಿನ ಫೋಟೋಗಳು. ನನ್ನ ಫೋನಿನಲ್ಲೇ ಹನ್ನೊಂದು ಸಾವಿರ ಚಿಲ್ಲರೆ ಇವೆ. ಅಷ್ಟನ್ನೂ ತೆಗೆದವನು ನಾನೇ, ಒಂದು ಸಲವೂ ಕೂತು ನೋಡದವನೂ ನಾನೇ. ಈ ವಿಷಯದಲ್ಲಿ ನಮ್ಮ ವೆಸ್ಟ್‌ಮೀಡ್‌ನ ಯಾವ ಮನೆಯೂ ಹಿಂದೆ ಬಿದ್ದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಇದಕ್ಕೆ ನಮ್ಮ ಮನೆಯಲ್ಲಿ ಕಂಡುಕೊಂಡ ಉಪಾಯ ಸ್ಕ್ರ್ಯಾಪ್‌ಬುಕ್. ದಪ್ಪ ಕಾಗದದ ಪುಸ್ತಕ, ಅದರಲ್ಲಿ ಆಯ್ದು ಅಂಟಿಸಿದ ಫೋಟೋ, ಜೊತೆಗೆ ರೈಲು ಟಿಕೆಟ್, ಹೋಟೆಲಿನ ಬಿಲ್ಲು, ಮಕ್ಕಳು ಗೀಚಿದ ನಕ್ಷೆ, ಪಕ್ಕದಲ್ಲಿ ಎರಡು ಸಾಲು ಬರಹ. ಇಷ್ಟೇ. 'ಇಂಜಿನಿಯರ್ ಆಗಿ ಕತ್ತರಿ-ಗೋಂದು ಹಿಡಿದು ಕೂತಿದ್ದೀಯಲ್ಲೋ' ಎಂದು ಗೆಳೆಯರು ನಕ್ಕಿದ್ದುಂಟು. ನಗಲಿ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಮಕ್ಕಳು ಪರದೆ ಮರೆತು ಕೂರುವ ಕೆಲಸ ಬೇರೆ ಯಾವುದಿದೆ ಹೇಳಿ? ಅದೂ ಕನ್ನಡದಲ್ಲಿ ಮಾತಾಡುತ್ತಾ.

ಈ ಲೇಖನ ಸ್ಕ್ರ್ಯಾಪ್‌ಬುಕ್ ಮಾಡುವುದು ಹೇಗೆ ಎಂಬುದರ ಬಗ್ಗೆ ಅಲ್ಲ. ಅದಕ್ಕೆ ಬೇಕಾದಷ್ಟು ಪುಸ್ತಕ, ವಿಡಿಯೋಗಳಿವೆ. ಅವುಗಳಲ್ಲಿ ಹೆಚ್ಚಿನವು ಕಲಿಸುವ ಒಂದು ಸಂಗತಿಯ ಬಗ್ಗೆ ಮಾತ್ರ ನನ್ನ ತಕರಾರಿದೆ. ಅದು ಬಣ್ಣ. ಅಂಗಡಿಯಲ್ಲಿ ಸಿಗುವ ಕಾಗದದ ಕಟ್ಟುಗಳನ್ನು ನೋಡಿ: ಕೆನೆ ಬಿಳಿ, ತೆಳು ಗುಲಾಬಿ, ತೆಳು ನೀಲಿ, ಬೂದು. 'ಡೀಸೆಂಟ್' ಎನ್ನುತ್ತಾರೆ. ಇರಬಹುದು, ಹುಟ್ಟಿದ ಮಗುವಿನ ಫೋಟೋಗೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಬಾದಾಮಿಯ ಬಂಡೆಯನ್ನೋ ಮೈಸೂರು ದಸರೆಯನ್ನೋ ಉಲೂರುವನ್ನೋ ತೆಳು ಗುಲಾಬಿ ಕಾಗದದ ಮೇಲೆ ಅಂಟಿಸಿದರೆ ಹುಳಿಗೆ ಖಾರ ಹಾಕದೆ ಬಡಿಸಿದ ಹಾಗೆ. ಗೊಂಬೆ ಹಬ್ಬದ ಮೆಟ್ಟಿಲು, ಯಕ್ಷಗಾನದ ವೇಷ, ಅಂಗಳದ ರಂಗೋಲಿ ನೋಡಿ ಬೆಳೆದ ಕಣ್ಣು ನಮ್ಮದು. ಗಾಢ ಬಣ್ಣಕ್ಕೆ ನಾವು ಹೆದರಬೇಕಾದ ಕಾರಣವೇ ಇಲ್ಲ. ಗೊತ್ತಿರಬೇಕಾದದ್ದು ಅದನ್ನು ಎಲ್ಲಿ, ಎಷ್ಟು ಹಾಕಬೇಕು ಎಂಬುದು.

ಸೀರೆ ಅಂಗಡಿಯ ವಿಜ್ಞಾನ

ಈ ಲೆಕ್ಕ ನಮ್ಮ ಅಮ್ಮಂದಿರಿಗೆ ಕರಗತ. ಅಂಗಡಿಯವನು ಎಲೆಹಸಿರು ಸೀರೆ ಬಿಡಿಸಿದರೆ 'ಅಂಚು ಕೆಂಪು ಇದ್ದರೆ ತೋರಿಸಿ' ಎನ್ನುತ್ತಾರೆ. ಅರಿಶಿನಕ್ಕೆ ನೇರಳೆ, ಕಡುನೀಲಿಗೆ ಕಿತ್ತಳೆ. ಬಣ್ಣದ ಚಕ್ರದಲ್ಲಿ ಇವು ಎದುರುಬದುರು ಕೂರುವ ಜೋಡಿಗಳು. ನ್ಯೂಟನ್ 1704ರಲ್ಲಿ ಪ್ರಕಟಿಸಿದ ಬೆಳಕಿನ ಪುಸ್ತಕದಲ್ಲಿ ಬಣ್ಣಗಳನ್ನು ಚಕ್ರದ ಮೇಲೆ ಕೂರಿಸಿದ. ಎದುರುಬದುರು ಬಣ್ಣಗಳು ಪಕ್ಕಪಕ್ಕ ಬಂದಾಗ ಏನಾಗುತ್ತದೆ ಎಂದು ಕೂಲಂಕಷವಾಗಿ ಬರೆದವನು ಮಾತ್ರ ಒಬ್ಬ ಫ್ರೆಂಚ್ ರಸಾಯನಶಾಸ್ತ್ರಜ್ಞ, ಮಿಶೆಲ್ ಶೆವ್ರೂಲ್. ಅವನು ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥ. 'ನಿಮ್ಮ ಕಪ್ಪು ಬಣ್ಣ ಸರಿಯಿಲ್ಲ, ಮಂಕಾಗಿ ಕಾಣುತ್ತದೆ' ಎಂದು ನೇಕಾರರ ದೂರು. ಶೆವ್ರೂಲ್ ಪರೀಕ್ಷಿಸಿದ. ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲಿನಿಂದಾಗಿ ಕಪ್ಪು ಬಡವಾಗಿ ಕಾಣುತ್ತಿತ್ತು! 1839ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ಸಾರ ಇಷ್ಟೇ: ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ತನ್ನಿಂದ ದೂರಕ್ಕೆ, ಅಂದರೆ ತನ್ನ ಎದುರು ಬಣ್ಣದ ಕಡೆಗೆ ತಳ್ಳುತ್ತದೆ. (ಈ ಪುಣ್ಯಾತ್ಮ 102 ವರ್ಷ ಬದುಕಿದ. ಬಣ್ಣಗಳ ನಡುವೆ ಇರುವವರ ಆಯುಸ್ಸು ಗಟ್ಟಿ ಇರಬೇಕು.)

ನಮ್ಮ ಪುಟಕ್ಕೆ ಇದರಿಂದ ಏನು ಉಪಯೋಗ? ಬಹಳ ಇದೆ. ಕೆಂಪು ಕಾಗದಕ್ಕೆ ತಾಗಿಸಿ ಅಜ್ಜಿಯ ಮುಖದ ಫೋಟೋ ಅಂಟಿಸಿದರೆ ಆ ಕೆಂಪು ಮುಖವನ್ನು ಹಸಿರಿನ ಕಡೆಗೆ ತಳ್ಳುತ್ತದೆ. ಅಜ್ಜಿ ಜ್ವರ ಬಂದವರ ಹಾಗೆ ಕಾಣುತ್ತಾರೆ. ಅದೇ ಫೋಟೋವನ್ನು ಕಡುನೀಲಿಯ ಮೇಲೋ ನವಿಲು ಬಣ್ಣದ ಮೇಲೋ ಇಟ್ಟು ನೋಡಿ, ಮುಖಕ್ಕೆ ಕಳೆ ಬರುತ್ತದೆ. ನಮ್ಮ ಗೋಧಿ ಬಣ್ಣ, ಎಣ್ಣೆಗೆಂಪು, ಕಂದು ಮೈಬಣ್ಣಗಳೆಲ್ಲ ಮೂಲದಲ್ಲಿ ಕಿತ್ತಳೆಯ ಕಡೆಯವು. ಕಿತ್ತಳೆಗೆ ಎದುರು ನೀಲಿ. ಕೆಂಪೇ ಬೇಕು ಎಂದಾದರೆ ಫೋಟೋದ ಸುತ್ತ ಅರ್ಧ ಸೆಂಟಿಮೀಟರು ಬಿಳಿ ಅಂಚು ಬಿಡಿ. ಆ ಬಿಳಿ ಪಟ್ಟಿ ಇಬ್ಬರ ನಡುವೆ ಬಾಗಿಲು ಹಾಕಿದ ಹಾಗೆ.

ಎಷ್ಟು ಹಾಕಬೇಕು ಎಂಬುದಕ್ಕೂ ಸೀರೆಯೇ ಅಳತೆಗೋಲು. ಇಳಕಲ್ ಸೀರೆ ತೆಗೆದುಕೊಳ್ಳಿ. ಮೈಯೆಲ್ಲ ಒಂದು ಬಣ್ಣ, ಸೆರಗು ಕೆಂಪು, ಆ ಕೆಂಪಿನ ಮೇಲೆ ಗೋಪುರದ ಸಾಲಿನಂತೆ ಬಿಳಿಯ ತೋಪು ತೆನಿ. ಮೂರೂ ಗಟ್ಟಿ ಬಣ್ಣಗಳೇ, ಆದರೆ ಒಂದಕ್ಕೊಂದು ಜಗಳವಾಡುವುದಿಲ್ಲ. ಯಾಕೆಂದರೆ ಮೂರಕ್ಕೂ ಸಮಪಾಲು ಕೊಟ್ಟಿಲ್ಲ. ಮನೆ ಅಲಂಕಾರ ಮಾಡುವವರು ಇದನ್ನೇ 60-30-10 ಎಂದು ದೊಡ್ಡ ಸೂತ್ರದ ಹಾಗೆ ಹೇಳುತ್ತಾರೆ. ಪುಟದ ಹಿನ್ನೆಲೆ ಸೀರೆಯ ಮೈ, ಫೋಟೋಗಳ ಹಿಂದಿನ ಪಟ್ಟಿ ಸೆರಗು, ಶೀರ್ಷಿಕೆ ಅಥವಾ ಒಂದು ಗುಂಡಿ, ಒಂದು ದಾರ ತೋಪು ತೆನಿ. ನಾಲ್ಕನೆಯ ಗಾಢ ಬಣ್ಣ ತರಬೇಡಿ. ಅಲ್ಲಿಗೆ ಅದು ಜಾತ್ರೆ.

ಊರಿಗೊಂದು ಬಣ್ಣ

ಪುಟದ ಮುಖ್ಯ ಬಣ್ಣವನ್ನು ಅಂಗಡಿಯ ಕಟ್ಟಿನಿಂದ ಆರಿಸುವುದಕ್ಕಿಂತ ಹೋದ ಜಾಗದಿಂದಲೇ ತರುವುದು ಒಳ್ಳೆಯದು. 'ಈ ಊರು ಯಾವ ಬಣ್ಣ?' ಎಂದು ಮಕ್ಕಳನ್ನು ಕೇಳಿ. ಮೊದಲ ಉತ್ತರ 'ಮಲ್ಟಿ ಕಲರ್' ಎಂದೇ ಬರುತ್ತದೆ. ಬಿಡಬೇಡಿ, ಒಂದೇ ಹೇಳು ಅನ್ನಿ. ಚರ್ಚೆ ಶುರುವಾಗುತ್ತದೆ, ಆ ಚರ್ಚೆಯೇ ಅರ್ಧ ನೆನಪು.

ಬ್ಲೂ ಮೌಂಟನ್ಸ್‌ಗೆ ಕಷ್ಟವಿಲ್ಲ, ಹೆಸರಲ್ಲೇ ಇದೆ. ಊರಿಂದ ಬಂದ ಅಪ್ಪ-ಅಮ್ಮನನ್ನು ಕಟೂಂಬಾದ ಎಕೋ ಪಾಯಿಂಟಿಗೆ ಕರೆದುಕೊಂಡು ಹೋಗದ ಸಿಡ್ನಿ ಕನ್ನಡಿಗ ಇರಲಿಕ್ಕಿಲ್ಲ. ತ್ರೀ ಸಿಸ್ಟರ್ಸ್ ಬಂಡೆಗಳ ಹಿಂದೆ ಕಾಣುವ ಆ ನೀಲಿ ಮಂಜು, ನೀಲಗಿರಿ ಮರಗಳ ಎಣ್ಣೆ ಆವಿಯಾಗಿ ಗಾಳಿಯಲ್ಲಿ ಸೇರಿ, ಅದರ ಅತಿ ಸಣ್ಣ ಕಣಗಳು ಬೆಳಕನ್ನು ಚದುರಿಸುವುದರಿಂದ ಆದದ್ದು ಎಂಬುದು ಎಲ್ಲರೂ ಹೇಳುವ ವಿವರಣೆ. ಚದುರುವಾಗ ನೀಲಿಯೇ ಹೆಚ್ಚು ಚದುರುತ್ತದೆ. ಪುಟಕ್ಕೆ ಕಡುನೀಲಿ ಹಾಕಿ, ಬಂಡೆಯ ಬಣ್ಣದ ಒಂದು ಕಿತ್ತಳೆ ಪಟ್ಟಿ ಕೊಡಿ, ಸಾಕು. ಮೆಲ್ಬರ್ನ್ ಕಡೆಯವರ ಗ್ರೇಟ್ ಓಷನ್ ರೋಡಿಗೂ ಇದೇ ಜೋಡಿ. ಟ್ವೆಲ್ವ್ ಅಪಾಸಲ್ಸ್ ಎಂಬ ಸುಣ್ಣಕಲ್ಲಿನ ಕಂಬಗಳು ಸಂಜೆಯಲ್ಲಿ ಜೇನಿನ ಬಣ್ಣ, ಹಿಂದೆ ಸಮುದ್ರದ ನೀಲಿ. ಅವುಗಳಲ್ಲಿ ಒಂದು ಕಂಬ ಜುಲೈ 2005ರಲ್ಲಿ ಕುಸಿದು ಬಿತ್ತು. ಅದಕ್ಕೂ ಮೊದಲು ಹೋಗಿ ಬಂದವರ ಬಳಿ ಫೋಟೋ ಇದ್ದರೆ ದಯವಿಟ್ಟು ಅಂಟಿಸಿಡಿ, ಆ ನೋಟ ಇನ್ನು ಸಿಗುವುದಿಲ್ಲ.

ಜಕರಂಡ ಇನ್ನೊಂದು ಒಳ್ಳೆಯ ಉದಾಹರಣೆ. ಅಕ್ಟೋಬರ್ ಕೊನೆಗೆ, ನವೆಂಬರಿನಲ್ಲಿ ಸಿಡ್ನಿಯ ರಸ್ತೆಗಳೆಲ್ಲ ನೇರಳೆ. ಬೆಂಗಳೂರಿನಲ್ಲಿ ಅದೇ ಮರ ವರ್ಷದ ಮೊದಲ ತಿಂಗಳುಗಳಲ್ಲಿ ಹೂ ಬಿಡುತ್ತದೆ. ಮರ ಎರಡೂ ಊರಿನದಲ್ಲ, ದಕ್ಷಿಣ ಅಮೆರಿಕದ್ದು. ನಮ್ಮಂತೆಯೇ ವಲಸೆ ಬಂದು, ಹೋದ ಕಡೆಯ ವಸಂತಕ್ಕೆ ಹೊಂದಿಕೊಂಡಿದೆ. ಒಂದೇ ನೇರಳೆ ಹಾಳೆಯ ಎಡಕ್ಕೆ ಬೆಂಗಳೂರು, ಬಲಕ್ಕೆ ಸಿಡ್ನಿ ಇಟ್ಟು, ನಡುವೆ ಅರಿಶಿನ ಬಣ್ಣದ ಒಂದು ತೆಳು ಗೆರೆ ಎಳೆದರೆ ಭೂಗೋಳದ ಪಾಠವೂ ಆಯಿತು.

ಎಲ್ಲದಕ್ಕೂ ಗಾಢ ಹಿನ್ನೆಲೆಯೇ ಬೇಕೆಂದು ನಾನು ಹೇಳುವುದಿಲ್ಲ. ಮೆಲ್ಬರ್ನಿನ ಬ್ರೈಟನ್ ಕಡಲತೀರದ ಸಾಲು ಮರದ ಪೆಟ್ಟಿಗೆ ಮನೆಗಳು ಒಂದೊಂದೂ ಒಂದೊಂದು ಬಣ್ಣ. ಆ ಫೋಟೋದಲ್ಲೇ ಜಾತ್ರೆ ಇದೆ. ಅದಕ್ಕೆ ಕಪ್ಪು ಹಾಳೆ ಕೊಟ್ಟು ಸುಮ್ಮನಿರಬೇಕು. ಒಪೆರಾ ಹೌಸ್ ಅದರ ವಿರುದ್ಧ. ಹತ್ತಿರ ಹೋಗಿ ನೋಡಿದರೆ ಅದು ಅಪ್ಪಟ ಬಿಳಿಯಲ್ಲ. ಹೊಳೆಯುವ ಬಿಳಿ ಮತ್ತು ಹೊಳಪಿಲ್ಲದ ಕೆನೆ ಬಣ್ಣದ ಹತ್ತು ಲಕ್ಷಕ್ಕೂ ಹೆಚ್ಚು ಟೈಲುಗಳು ಸೇರಿ ಆದ ಬಿಳಿ. ಬಿಳಿ ಹಾಳೆಯ ಮೇಲೆ ಅಂಟಿಸಿದರೆ ಆ ಕೆನೆ ಕೊಳಕಾಗಿ ಕಾಣುತ್ತದೆ. ಕಡುಗೆಂಪು ಅಥವಾ ಕಡುನೀಲಿಯ ಮೇಲೆ ಇಡಿ, ಹಾಯಿ ಬಿಚ್ಚಿದ ಹಡಗಿನಂತೆ ಎದ್ದು ಬರುತ್ತದೆ.

ಉಲೂರು, ಬಾದಾಮಿ ಮತ್ತು ಕಾವಿ ನೆಲ

ಈಗ ನನಗೆ ಅತ್ಯಂತ ಪ್ರಿಯವಾದ ಬಣ್ಣಕ್ಕೆ ಬರುತ್ತೇನೆ. ಉಲೂರು ಬಂಡೆ ಸುತ್ತಲಿನ ಬಯಲಿನಿಂದ 348 ಮೀಟರ್ ಎತ್ತರ. ಅದು ಒಂದು ಬಗೆಯ ಮರಳುಗಲ್ಲು, ಒಳಗೆ ಬೂದು ಬಣ್ಣ. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಗಾಳಿ-ನೀರು ತಾಗಿ ತುಕ್ಕು ಹಿಡಿದು ಮೇಲ್ಮೈ ಕೆಂಪಾಗಿದೆ. ಬಾದಾಮಿಯ ಮರಳುಗಲ್ಲು ಕೆಂಪಾಗಿರುವುದಕ್ಕೂ ಕಾರಣ ಅದೇ ಕಬ್ಬಿಣದ ಆಕ್ಸೈಡ್. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಮುಂದೆ ನಿಂತು ಅಗಸ್ತ್ಯ ತೀರ್ಥದ ಹಸಿರು ನೀರಿನ ಕಡೆ ನೋಡಿದವರಿಗೆ ಕೆಂಪು-ಹಸಿರು ಜೋಡಿಯ ಬಗ್ಗೆ ಬೇರೆ ಪಾಠ ಬೇಡ. ಮಲೆನಾಡು, ಕರಾವಳಿಯ ಹಳೆಯ ಮನೆಗಳ ಕಾವಿ ನೆಲ, ರಂಗೋಲಿಯ ಅಂಚಿಗೆ ಬಳಿಯುವ ಕೆಮ್ಮಣ್ಣು, ಎಲ್ಲವೂ ಅದೇ ತುಕ್ಕಿನ ಸಂಸಾರ. ಮಧ್ಯ ಆಸ್ಟ್ರೇಲಿಯಾದ ಮರುಭೂಮಿಗೂ ನಮ್ಮ ಅಜ್ಜನ ಮನೆಯ ಜಗಲಿಗೂ ಇರುವ ನೆಂಟಸ್ತಿಕೆ ಇದು!

ಇಲ್ಲೊಂದು ತೊಡಕಿದೆ. ಫೋನಿನ ಕ್ಯಾಮೆರಾ ತನ್ನಷ್ಟಕ್ಕೆ ತಾನೇ 'ಬಿಳಿ ಸಮತೋಲನ' ಮಾಡುತ್ತದೆ. ಚಿತ್ರದ ತುಂಬ ಒಂದೇ ಬಣ್ಣ ಕಂಡರೆ 'ಇದು ಬಲ್ಬಿನ ಬೆಳಕಿನ ದೋಷ ಇರಬೇಕು' ಎಂದು ಊಹಿಸಿ ಆ ಬಣ್ಣವನ್ನು ಕಡಿಮೆ ಮಾಡಿಬಿಡುವುದುಂಟು. ಟ್ಯೂಬ್‌ಲೈಟಿನ ಕೆಳಗಿನ ಬಿಳಿ ಅಂಗಿಯನ್ನು ಬಿಳಿಯಾಗಿ ತೋರಿಸುವುದು ಇದೇ ಸಾಫ್ಟ್‌ವೇರ್, ಅದರ ಉಪಕಾರ ದೊಡ್ಡದು. ಆದರೆ ತುಂಬ ಕೆಂಪಿರುವ ನೆಲ, ತುಂಬ ಹಳದಿಯ ಅರಿಶಿನ ಶಾಸ್ತ್ರ, ಮುಳುಗುವ ಸೂರ್ಯ, ಇವೆಲ್ಲ ಅದರ ಕಣ್ಣಿಗೆ ತಪ್ಪುಗಳು.

ಸಾಗರದ ಹತ್ತಿರ ನಮ್ಮ ತಂದೆಯ ಮನೆ 2023ರಲ್ಲಿ ಮಾರಾಟವಾಯಿತು. ಕೊಂಡವರು ಕೆಡವಿ ಹೊಸದು ಕಟ್ಟಿದರು, ಅದು ಅವರ ಹಕ್ಕು. ಕಳೆದ ವರ್ಷ ಏಳು ವರ್ಷದ ಮಗಳನ್ನು 'ಅಜ್ಜನ ಮನೆಯ ನೆಲ ಯಾವ ಬಣ್ಣ ಇತ್ತು?' ಎಂದು ಕೇಳಿದೆ. ಫೋನು ನೋಡಿ 'ಬ್ರೌನ್' ಎಂದಳು. ಅವಳು ಹೇಳಿದ್ದು ಸರಿಯೇ, ಫೋನಿನಲ್ಲಿ ಅದು ಕಂದಾಗಿಯೇ ಇತ್ತು. ಆ ನೆಲ ಕಂದಲ್ಲ. ವರ್ಷಗಟ್ಟಲೆ ಒರೆಸಿ, ಕಾಲು ಸವೆಸಿ, ಮುಖ ಕಾಣುವಷ್ಟು ನುಣುಪಾದ ಕೆಂಪು. ಬೇಸಿಗೆ ಮಧ್ಯಾಹ್ನ ಬರಿಮೈಯಲ್ಲಿ ಮಲಗಿದರೆ ಬೆನ್ನಿಗೆ ತಂಪು ಹತ್ತುವ ಕೆಂಪು. ಅದನ್ನು ಕಂಡ ಕಣ್ಣುಗಳು ಮನೆಯಲ್ಲಿ ಈಗ ನಾಲ್ಕೇ, ಅದರಲ್ಲಿ ಎರಡಕ್ಕೆ ಪೊರೆ ಬಂದಿದೆ.

ಆ ಪುಟಕ್ಕೆ ಬಣ್ಣವನ್ನು ಫೋಟೋದಿಂದ ಆರಿಸುವ ಹಾಗಿರಲಿಲ್ಲ. ಪೇಂಟ್ ಅಂಗಡಿಯಲ್ಲಿ ಬಿಟ್ಟಿಯಾಗಿ ಕೊಡುವ ಬಣ್ಣದ ಚೀಟಿಗಳಲ್ಲಿ ಕೆಂಪಿನ ಕಡೆಯವನ್ನೆಲ್ಲ ತಂದು, ಊರಿಗೆ ಹೋದಾಗ ಅಮ್ಮನ ಮುಂದೆ ಹಗಲು ಬೆಳಕಿನಲ್ಲಿ ಹರಡಿದೆ. ಅಕ್ಕನೂ ಬಂದು ಕೂತಳು. ಇದಲ್ಲ, ಇದಲ್ಲ ಎನ್ನುತ್ತಾ ಒಂದು ಗಂಟೆ ಕಳೆಯಿತು. ಕೊನೆಗೆ ಇಬ್ಬರೂ ಒಂದೇ ಚೀಟಿಯ ಮೇಲೆ ಬೆರಳಿಟ್ಟರು. ಅದಕ್ಕೆ ಹೊಂದುವ ಹಾಳೆ ಹುಡುಕಿ ಪುಟ ಮಾಡಿದೆ. ಕಂದು ಫೋಟೋ ನಡುವೆ ಇದೆ. ಸುತ್ತಲಿನ ಕೆಂಪೇ ಅದನ್ನು ತಿದ್ದುತ್ತದೆ. ಪುಟದ ಮೂಲೆಯಲ್ಲಿ ಆ ಪೇಂಟ್ ಚೀಟಿಯನ್ನೂ ಅಂಟಿಸಿ 'ನೆಲದ ಬಣ್ಣ ಇದು' ಎಂದು ಬರೆದಿದ್ದೇನೆ.

ನೀವು ಇನ್ನು ಮುಂದೆ ಊರಿಗೆ ಹೋಗುವವರಾದರೆ ಸುಲಭ ದಾರಿ ಇದೆ. ಬಣ್ಣ ಮುಖ್ಯವಾದ ಕಡೆ ಎರಡು ಫೋಟೋ ತೆಗೆಯಿರಿ, ಒಂದರಲ್ಲಿ ಮೂಲೆಗೆ ಒಂದು ಬಿಳಿ ಕಾಗದ ಇಡಿ. ಮನೆಗೆ ಬಂದ ಮೇಲೆ ಯಾವ ಫೋಟೋ ಆ್ಯಪಿನಲ್ಲಾದರೂ ಆ ಕಾಗದ ಬಿಳಿಯಾಗುವಂತೆ ತಿದ್ದಿದರೆ ಉಳಿದ ಬಣ್ಣಗಳೂ ದಾರಿಗೆ ಬರುತ್ತವೆ. 1970-80ರ ದಶಕದ ಕಲರ್ ಪ್ರಿಂಟುಗಳದ್ದು ತಿರುಗುಮುರುಗು ಸಮಸ್ಯೆ: ಅವುಗಳಲ್ಲಿ ಹಸಿರು-ನೀಲಿಯ ಡೈ ಮೊದಲು ಮಾಸಿ ಎಲ್ಲರೂ ಕೆಂಪಾಗಿರುತ್ತಾರೆ. ಅಂಥವನ್ನು ಸ್ಕ್ಯಾನ್ ಮಾಡಿ ತಿದ್ದಿದ ಪ್ರತಿಯನ್ನು ಅಂಟಿಸಿ, ಮೂಲವನ್ನು ಬೇರೆ ಲಕೋಟೆಯಲ್ಲಿ ಇಡಿ.

ವಯಸ್ಸಾದ ಕಣ್ಣಿಗೆ ಕಾಣುವ ಪುಟ

ಈ ಪುಸ್ತಕಗಳನ್ನು ನೋಡುವವರು ಯಾರು? ಮಕ್ಕಳು, ಮತ್ತು ಅವರ ಅಜ್ಜ-ಅಜ್ಜಿ. ವಿಸಿಟರ್ ವೀಸಾದ ಮೇಲೆ ಬಂದು, ನಾವು ಆಫೀಸಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಯೂನಿಟ್ಟಿನ ಬಾಲ್ಕನಿಯಲ್ಲಿ ಕೂರುವ ಅವರೇ ಇದರ ದೊಡ್ಡ ಓದುಗರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ಬೆಳಕನ್ನು ಹೆಚ್ಚು ತಡೆಯುತ್ತದೆ. ತೆಳು ನೀಲಿ, ತೆಳು ಹಸಿರು, ಬೂದು ಎಲ್ಲ ಒಂದೇ ಥರ ಕಾಣತೊಡಗುತ್ತವೆ. ಚಿತ್ರಕಾರ ಮೊನೆ 1923ರಲ್ಲಿ ಪೊರೆಯ ಆಪರೇಷನ್ ಮಾಡಿಸಿಕೊಂಡ ಮೇಲೆ ಬಣ್ಣಗಳೇ ಬದಲಾದವು ಎಂದು ಗೊಣಗಿದ್ದು ಪ್ರಸಿದ್ಧ. ಹಾಗಾಗಿ ಗಾಢ ಬಣ್ಣ ಇಲ್ಲಿ ಬರೀ ಅಲಂಕಾರವಲ್ಲ. ತೆಳು ಬಣ್ಣದ 'ಡೀಸೆಂಟ್' ಪುಟವನ್ನು ಅವರು ಸುಮ್ಮನೆ ಮಗುಚಿ 'ಚೆನ್ನಾಗಿದೆ ಮಗಾ' ಅನ್ನುತ್ತಾರೆ ಅಷ್ಟೇ, ಪಾಪ, ಓದಿರುವುದಿಲ್ಲ.

ಇಲ್ಲಿ ನನ್ನ ಕಸುಬು ಕೆಲಸಕ್ಕೆ ಬಂತು. ವೆಬ್ ಪುಟಗಳ ಅಕ್ಷರ ಎಲ್ಲರಿಗೂ ಓದಲು ಬರಬೇಕೆಂದು 2008ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಒಂದು ಲೆಕ್ಕವಿದೆ. ಅಕ್ಷರದ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ 1ರಿಂದ 21ರವರೆಗೆ. ಬಿಳಿಯ ಮೇಲೆ ಕಪ್ಪು 21. ಮಾಮೂಲಿ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ಇದು ಪರದೆಯ ಬಣ್ಣಗಳ ಲೆಕ್ಕವಾದರೂ ಕಾಗದಕ್ಕೂ ದಾರಿ ತೋರಿಸುತ್ತದೆ. ಅಪ್ಪಟ ಹಳದಿಯ ಮೇಲೆ ಕಪ್ಪು ಬರೆದರೆ ಸುಮಾರು 19.5. ಕಡುನೀಲಿಯ ಮೇಲೆ ಬಿಳಿ ಸುಮಾರು 16. ಬಿಳಿಯ ಮೇಲೆ ಹಳದಿ ಬರೀ 1.1, ಅಂದರೆ ಬರೆಯದೇ ಇದ್ದ ಹಾಗೆ. ನಮ್ಮ ಕನ್ನಡ ಬಾವುಟದ ಜೋಡಿ, ಹಳದಿಯ ಮೇಲೆ ಕೆಂಪು, ಸುಮಾರು 3.7, ರಾಜ್ಯೋತ್ಸವದ ಪುಟಕ್ಕೆ ದೊಡ್ಡ ಶೀರ್ಷಿಕೆ ಹಾಕಬಹುದು, ಸಣ್ಣ ಬರಹ ಬೇಡ. ಆಶ್ಚರ್ಯವೆಂದರೆ ಎಲೆಹಸಿರಿನ ಮೇಲೆ ಕೆಂಪು: ಅಷ್ಟೊಂದು ಎದುರು ಬಣ್ಣಗಳು, ಆದರೆ ಅನುಪಾತ 1.3 ಮಾತ್ರ! ಅಂಚಿಗೆ ಚೆಂದ, ಅಕ್ಷರಕ್ಕೆ ಕೆಟ್ಟದ್ದು. ಕೆಂಪು-ಹಸಿರು ಬೇರ್ಪಡಿಸಿ ಕಾಣದವರೂ ನಮ್ಮ ನಡುವೆ ಇದ್ದಾರೆ. ಯೂರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿ, ಭಾರತೀಯರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ.

ಕ್ಯಾಲ್ಕುಲೇಟರ್ ಬೇಡ ಎನ್ನುವವರಿಗೆ ಸುಲಭ ಪರೀಕ್ಷೆ ಇದೆ. ಅಂಟಿಸುವ ಮೊದಲು ಪುಟವನ್ನು ಜೋಡಿಸಿ, ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಅಕ್ಷರ ಆಗಲೂ ಎದ್ದು ಕಂಡರೆ ಪಾಸು.

ಕನ್ನಡ ಅಕ್ಷರದ ಒಂದು ವಿಶೇಷ ಕಷ್ಟವನ್ನೂ ಹೇಳಬೇಕು. ಇಂಗ್ಲಿಷಿನ ನೇರ ಗೆರೆಗಳಿಗೆ ದಪ್ಪ ಮಾರ್ಕರ್ ನಡೆಯುತ್ತದೆ. ನಮ್ಮ ಗುಂಡು ಅಕ್ಷರಗಳ ಹೊಟ್ಟೆಯೊಳಗೆ ಶಾಯಿ ತುಂಬಿಕೊಂಡು 'ಷ'ವೂ 'ಪ'ವೂ ಒಂದೇ ಆಗುತ್ತವೆ, ಒತ್ತಕ್ಷರವಂತೂ ಬರೀ ಚುಕ್ಕೆ. ಪೆನ್ನು ದಪ್ಪವಾದರೆ ಅಕ್ಷರವನ್ನೂ ಅಷ್ಟೇ ದೊಡ್ಡದು ಮಾಡಿ, ಒತ್ತಿಗೆ ಕೆಳಗೆ ಜಾಗ ಬಿಡಿ. ಕತ್ತರಿಸಿದ ಕಾಗದದ ಅಕ್ಷರಗಳ ಕಟ್ಟು ಕನ್ನಡದಲ್ಲಿ ನಾನು ನೋಡಿದ ಯಾವ ಅಂಗಡಿಯಲ್ಲೂ ಇರಲಿಲ್ಲ. ಅದೇ ಒಳ್ಳೆಯದಾಯಿತು, ಮಕ್ಕಳೇ ಬರೆದು ಕತ್ತರಿಸುತ್ತಾರೆ. ನಮ್ಮ ಮಗಳು ದೀರ್ಘ, ಒತ್ತು ಕಲಿತದ್ದು ಹೆಚ್ಚುಕಡಿಮೆ ಕತ್ತರಿಯಿಂದಲೇ.

ಬಣ್ಣ ಉಳಿಯಬೇಕಲ್ಲ

ಗಾಢ ಬಣ್ಣದ ಶತ್ರು ಬಿಸಿಲು. ಅಗ್ಗದ ಬಣ್ಣದ ಕಾಗದ ಕಿಟಕಿಯ ಬಳಿ ಒಂದು ಬೇಸಿಗೆ ಕಳೆದರೆ ಸಾಕು, ಕೆಂಪು ಹೋಗಿ ಗುಲಾಬಿ. ಕೊಳ್ಳುವಾಗ 'ಆ್ಯಸಿಡ್ ಫ್ರೀ', 'ಲಿಗ್ನಿನ್ ಫ್ರೀ' ಎಂದು ಬರೆದಿರುವ ದಪ್ಪ ಹಾಳೆ ನೋಡಿ ತೆಗೆದುಕೊಳ್ಳಿ. ಸ್ಪಾಟ್‌ಲೈಟ್, ಆಫೀಸ್‌ವರ್ಕ್ಸ್‌ನಂಥ ಅಂಗಡಿಗಳಲ್ಲಿ ಸಿಗುತ್ತದೆ. ಲಿಗ್ನಿನ್ ಎಂದರೆ ಮರದ ನಾರಿನ ಅಂಟು, ಹಳೆಯ ನ್ಯೂಸ್‌ಪೇಪರ್ ಹಳದಿಯಾಗುವುದು ಅದರಿಂದಲೇ. ಹಾಳೆಯ ಮೂಲೆ ಸ್ವಲ್ಪ ಹರಿದು ನೋಡಿದರೆ ಒಳಗೂ ಬಣ್ಣವಿದೆಯೋ ಬಿಳಿಯಿದೆಯೋ ತಿಳಿಯುತ್ತದೆ (ಅಂಗಡಿಯಲ್ಲಿ ಅಲ್ಲ, ಮನೆಗೆ ತಂದ ಮೇಲೆ). ಬಣ್ಣವನ್ನು ಮನೆಯ ಪ್ರಿಂಟರಿನಲ್ಲಿ ಹಾಳೆ ತುಂಬ ಮುದ್ರಿಸುವುದು ದುಡ್ಡು ದಂಡ. ಪರದೆ ಬೆಳಕನ್ನು ಕೂಡಿಸಿ ಬಣ್ಣ ಮಾಡುತ್ತದೆ, ಶಾಯಿ ಬೆಳಕನ್ನು ಕಳೆದು ಮಾಡುತ್ತದೆ. ಪರದೆಯ ಮೇಲಿನ ಗದ್ದೆಯ ಗಿಳಿಹಸಿರು ಶಾಯಿಯಲ್ಲಿ ಪೂರ್ತಿ ಬರುವುದೇ ಇಲ್ಲ.

ಫೋಟೋ ಪ್ರಿಂಟನ್ನು ಲ್ಯಾಬಿನಲ್ಲೇ ಹಾಕಿಸಿ. 6x4 ಇಂಚಿಗೆ 1800x1200 ಪಿಕ್ಸೆಲ್ ಇದ್ದರೆ ಚೆನ್ನಾಗಿ ಬರುತ್ತದೆ. ಊರಿನಿಂದ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿರುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಲು ಅಣ್ಣನಿಗೋ ಭಾವನಿಗೋ ಹೇಳಿ. 80ರ ದಶಕದ ಅಂಟು ಪುಟದ ಆಲ್ಬಮ್ಮುಗಳು ಈಗಲೂ ಹಲವರ ಮನೆಯಲ್ಲಿವೆ. ಆ ಅಂಟು ಫೋಟೋವನ್ನು ತಿನ್ನುತ್ತದೆ, ಸಾಧ್ಯವಾದಷ್ಟು ಬೇಗ ಬಿಡಿಸಿ. ಬಿಡಿಸಲು ಬಾರದಿದ್ದರೆ ಎಳೆಯಬೇಡಿ, ಅಲ್ಲಿಯೇ ಫೋಟೋ ತೆಗೆದುಕೊಳ್ಳಿ.

ಅರಿಶಿನ-ಕುಂಕುಮ ಪುಟಕ್ಕೆ ನಿಜವಾದ ಅರಿಶಿನವನ್ನೇ ಬಳಿಯೋಣ ಎಂದು ಮಕ್ಕಳು ಕೇಳಬಹುದು. ಬೇಡ. ಬಟ್ಟೆಗೆ ಬಿದ್ದ ಅರಿಶಿನದ ಕಲೆ ಬಿಸಿಲಿಗೆ ಹಾಕಿದರೆ ಹೋಗುತ್ತದಲ್ಲ, ಪುಟದಿಂದಲೂ ಹಾಗೆಯೇ ಹೋಗುತ್ತದೆ. ಪಕ್ಕದ ಫೋಟೋಗೆ ಹತ್ತಿದರೆ ಮಾತ್ರ ಬೇಗ ಹೋಗುವುದಿಲ್ಲ! ಕೆಮ್ಮಣ್ಣು ಹಾಗಲ್ಲ, ತುಕ್ಕಿಗೆ ಬಿಸಿಲಿನ ಭಯವಿಲ್ಲ.

ಆದರೂ ಊರಿನಿಂದ ಕೆಮ್ಮಣ್ಣು, ಒಣಗಿಸಿದ ಹೂವು, ಅಡಿಕೆ ಸಿಂಗಾರ, ಬೀಜ ಇವನ್ನು ಪುಟಕ್ಕೆ ಅಂಟಿಸಲೆಂದು ತರಬೇಡಿ. ಇಲ್ಲಿನ ಜೈವಿಕ ಸುರಕ್ಷತೆಯ ಕಾನೂನು ಕಟ್ಟುನಿಟ್ಟು. ಗಿಡದ ಭಾಗ, ಮಣ್ಣು ಏನಿದ್ದರೂ ಕಾರ್ಡಿನಲ್ಲಿ ಹೇಳಲೇಬೇಕು, ಹೇಳದಿದ್ದರೆ ದಂಡ. ಉಲೂರುವಿನಿಂದಲೂ ಕಲ್ಲು, ಮರಳು ತೆಗೆದುಕೊಂಡು ಬರಬಾರದು. ತಂದವರು ಎಷ್ಟೋ ಮಂದಿ ಮನಸ್ಸು ತಡೆಯದೆ ಕ್ಷಮಾಪಣೆ ಪತ್ರದ ಜೊತೆ ಅಂಚೆಯಲ್ಲಿ ವಾಪಸ್ ಕಳಿಸುತ್ತಾರಂತೆ, ಅವಕ್ಕೆ 'ಸಾರಿ ರಾಕ್ಸ್' ಎಂದೇ ಹೆಸರು. ಆ ಜಾಗದ ಒಡೆಯರಾದ ಅನಾಂಗು ಜನ ಬಂಡೆಯ ಕೆಲವು ಭಾಗಗಳ ಫೋಟೋ ತೆಗೆಯಬೇಡಿ ಎಂದು ಫಲಕ ಹಾಕಿದ್ದಾರೆ. ದೇವಸ್ಥಾನದ ಗರ್ಭಗುಡಿಯ ಮುಂದೆ ಕ್ಯಾಮೆರಾ ಮುಚ್ಚುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಚುಕ್ಕೆ ಚಿತ್ರಗಳನ್ನು ಅಂದಕ್ಕಾಗಿ ನಕಲು ಮಾಡುವುದೂ ನನಗೆ ಸರಿ ಕಾಣುವುದಿಲ್ಲ, ಆ ಚಿತ್ರಗಳಲ್ಲಿ ಅವರವರ ಕುಲದ ಕಥೆಗಳಿರುತ್ತವೆ. ಕೆಂಪು ಹಾಳೆ ಹಾಕಿ, ನಿಮ್ಮ ಮಕ್ಕಳು ಅಲ್ಲಿ ಏನು ತಿಂದರು, ನೊಣಗಳನ್ನು ಹೇಗೆ ಓಡಿಸಿದರು ಎಂದು ಬರೆಯಿರಿ.

ಮುಗಿದ ಪುಟವನ್ನು ನೆರಳಿನ ಹಗಲು ಬೆಳಕಿನಲ್ಲಿ, ಮೇಲಿನಿಂದ ನೇರವಾಗಿ ಫೋಟೋ ತೆಗೆದಿಟ್ಟುಕೊಳ್ಳಿ. ಊರಿಗೆ ಒಂದು ಪ್ರತಿ ಕಳಿಸುವುದಾದರೆ ಅಲ್ಲಿ ಮಳೆಗಾಲ ನೆನಪಿರಲಿ: ಮಲೆನಾಡಿನ, ಕರಾವಳಿಯ ತೇವಕ್ಕೆ ಕೆಂಪು ಹಾಳೆಯ ಬಣ್ಣ ಎದುರು ಪುಟಕ್ಕೆ ಹತ್ತುತ್ತದೆ, ಫೋಟೋಗಳು ಪ್ಲಾಸ್ಟಿಕ್ ಹೊದಿಕೆಗೆ ಅಂಟುತ್ತವೆ. ಪುಟಗಳ ನಡುವೆ ಹಳೆಯ ಮದುವೆ ಆಲ್ಬಮ್ಮಿನಲ್ಲಿ ಇರುತ್ತಿತ್ತಲ್ಲ, ಅಂಥ ಬಟರ್ ಪೇಪರ್ ಹಾಕಿ ಕಳಿಸಿ. ಪ್ರತಿ ಪುಟದ ಹಿಂದೆ ಮಾಸದ ಶಾಯಿಯಲ್ಲಿ ದಿನಾಂಕ, ಜಾಗ, ಫೋಟೋದಲ್ಲಿರುವವರ ಹೆಸರು ಮತ್ತು ಅವರು ಮಕ್ಕಳಿಗೆ ಏನಾಗಬೇಕು ಎಂಬುದನ್ನು ಬರೆಯಿರಿ. 'ಅಂಕಲ್' ಎಂದು ಬರೆಯಬೇಡಿ. ಚಿಕ್ಕಪ್ಪನೋ ಸೋದರಮಾವನೋ ದೊಡ್ಡಮ್ಮನ ಮೈದುನನೋ, ಸರಿಯಾಗಿ ಕೇಳಿ ತಿಳಿದು ಬರೆಯಿರಿ. ಕೇಳಲು ಈ ಭಾನುವಾರ ಊರಿಗೆ ಫೋನ್ ಮಾಡುತ್ತೀರಲ್ಲ, ಪುಟವನ್ನೂ ಎದುರಿಗೆ ಇಟ್ಟುಕೊಂಡು ಕೂತುಕೊಳ್ಳಿ.